ಅಲಿಸಿಯಾ ಅಲೊನ್ಸೊ: ಕಟ್ಟಿದವರೇ ಎಪ್ಪತ್ತು ವರ್ಷ ಹಿಡಿದುಕೊಂಡಿದ್ದು ಸರೀನಾ?

ಗೆಜ್ಜೆ ಶಿವಮೊಗ್ಗ
ನಾನು ಭರತನಾಟ್ಯ ಕಲಿಸುತ್ತೇನೆ. ದೊಡ್ಡ ಮಕ್ಕಳ ಬ್ಯಾಚಿಗೆ ಆಗಾಗ ಬೇರೆ ದೇಶದ ನೃತ್ಯಗಾರರ ಬಗ್ಗೆಯೂ ಹೇಳುತ್ತಿರುತ್ತೇನೆ. ಈ ಸಲ ಹೇಳಿದ್ದು ಕ್ಯೂಬಾದ ಅಲಿಸಿಯಾ ಅಲೊನ್ಸೊ ಕಥೆ. 1920ರಲ್ಲಿ ಹವಾನಾದಲ್ಲಿ ಹುಟ್ಟಿದವರು. ಇಪ್ಪತ್ತರ ವಯಸ್ಸಿಗೆಲ್ಲ ಕಣ್ಣಿನ ರೆಟಿನಾ ಕಳಚಿತು. ಆದರೂ ಕುಣಿಯೋದು ಬಿಡಲಿಲ್ಲ. 1948ರಲ್ಲಿ ಸ್ವಂತ ಬ್ಯಾಲೆ ಕಂಪನಿ ಕಟ್ಟಿದರು. ಅದೇ ಮುಂದೆ ಕ್ಯೂಬಾದ ರಾಷ್ಟ್ರೀಯ ಬ್ಯಾಲೆ ಆಯಿತು. 1995ರವರೆಗೂ ವೇದಿಕೆ ಹತ್ತಿದರು. 2019ರಲ್ಲಿ, 98ನೇ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೂ ಕಂಪನಿಯ ನಿರ್ದೇಶಕಿ ಅವರೇ.

ಎಲ್ಲ ಕೇಳಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಅಷ್ಟು ವರ್ಷ ಅವರೇ ನಾಯಕಿ ಆಗಿದ್ದರೆ ಉಳಿದವರಿಗೆ ಜಿಸೆಲ್ ಪಾತ್ರ ಯಾವಾಗ ಸಿಕ್ಕಿತು?" ಅಂತ ಕೇಳಿದಳು. (ಜಿಸೆಲ್ ಅಂದರೆ ಅಲಿಸಿಯಾಗೆ ಹೆಸರು ತಂದ ಬ್ಯಾಲೆ, ಅದರ ನಾಯಕಿಯ ಹೆಸರೂ ಅದೇ.) ಅಲ್ಲಿಂದ ತರಗತಿಯಲ್ಲಿ ಜಗಳವೇ ಶುರುವಾಯಿತು. ಅರ್ಧ ಮಕ್ಕಳು ಅಲಿಸಿಯಾ ಕಡೆ, ಅರ್ಧ ಮಕ್ಕಳು ಆ ಹುಡುಗಿ ಕಡೆ.

ನನಗೆ ಅಲಿಸಿಯಾ ಬಹಳ ದೊಡ್ಡವರು. ಆದರೆ ಆ ಪ್ರಶ್ನೆಯೂ ನ್ಯಾಯವಾದದ್ದೇ. ಇಲ್ಲಿ ಬ್ಯಾಲೆ ನೋಡಿದವರು, ಓದಿದವರು ಇದ್ದೀರಿ. ನಿಮಗೇನನ್ನಿಸುತ್ತದೆ? ಕಣ್ಣು ಕಾಣದೆ ಅವರು ಹೇಗೆ ಕುಣಿಯುತ್ತಿದ್ದರು ಅನ್ನೋದನ್ನೂ ಗೊತ್ತಿದ್ದವರು ಹೇಳಿ. ಮಕ್ಕಳು ಅದನ್ನೂ ಬಿಡುತ್ತಿಲ್ಲ.

ಸುಮ್ನೆ ಓದುಗ
ಪೂರ್ತಿ ಕಾಣದೆ ಕಾಲ್ಬೆರಳ ತುದಿ ಮೇಲೆ ನಿಂತು ಸುತ್ತೋದು ನಂಬೋಕೆ ಕಷ್ಟ ಮೇಡಂ. ಕಥೆಗೆ ಸ್ವಲ್ಪ ಉಪ್ಪುಖಾರ ಹಚ್ಚಿದ್ದಾರೆ ಅನ್ನಿಸುತ್ತೆ.

ಧಾರವಾಡದ ಕಣ್ಣಿನ ಡಾಕ್ಟರ್
ಉಪ್ಪುಖಾರ ಅಲ್ಲ ಸರ್. "ಕುರುಡಿ" ಅಂತ ಒಂದೇ ಮಾತಲ್ಲಿ ಬರೆಯೋದರಿಂದ ಗೊಂದಲ ಆಗುತ್ತದೆ. ಅವರಿಗೆ ಮೊದಲಿಗೇ ಪೂರ್ತಿ ಕತ್ತಲಾಗಿರಲಿಲ್ಲ. ಪಕ್ಕದ ನೋಟ ಹೋಗಿತ್ತು. ನೇರ ಎದುರಿಗೆ ಒಂದಷ್ಟು ಕಾಣುತ್ತಿತ್ತು. ವರ್ಷ ಕಳೆದಂತೆ ಅದೂ ಕಡಿಮೆಯಾಗುತ್ತಾ ಹೋಯಿತು.

ಆಗಿನ ಕಾಲದ ಚಿಕಿತ್ಸೆ ಹೇಗಿತ್ತು ಅಂತ ತಿಳಿದರೆ ನಿಮಗೆ ಅವರ ಮೇಲೆ ಇನ್ನೂ ಗೌರವ ಬರುತ್ತದೆ. ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರ. ಅದರಲ್ಲಿ ತೂತು ಬಿದ್ದರೆ ಒಳಗಿನ ದ್ರವ ನುಗ್ಗಿ ಪದರ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಈಗ ಇದಕ್ಕೆ ಲೇಸರ್ ಇದೆ, ಗ್ಯಾಸ್ ತುಂಬಿಸುವುದಿದೆ, ಕಣ್ಣೊಳಗಿನ ದ್ರವವನ್ನೇ ತೆಗೆಯುವ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಇದೆ. 1941ರಲ್ಲಿ ಇದ್ಯಾವುದೂ ಇರಲಿಲ್ಲ. ಕಣ್ಣಿನ ಹೊರಗೋಡೆಗೆ ಪಟ್ಟಿ ಹಾಕಿ ಒಳಕ್ಕೆ ಒತ್ತುವ ಶಸ್ತ್ರಚಿಕಿತ್ಸೆ ಚಾಲ್ತಿಗೆ ಬಂದದ್ದೇ 1950ರ ಆಸುಪಾಸು. ವಿಟ್ರೆಕ್ಟಮಿ ಬಂದದ್ದು 1970ರ ದಶಕದಲ್ಲಿ. ಅಲಿಸಿಯಾ ಕಾಲದಲ್ಲಿ ತೂತಿನ ಸುತ್ತ ಸುಟ್ಟು, ಎರಡೂ ಕಣ್ಣಿಗೆ ಬ್ಯಾಂಡೇಜ್ ಸುತ್ತಿ, ತಲೆ ಅಲ್ಲಾಡದಂತೆ ಮಲಗಿಸುತ್ತಿದ್ದರು. ಪದರ ಮತ್ತೆ ಅಂಟಿಕೊಳ್ಳಲಿ ಅಂತ ಕಾಯೋದೇ ಚಿಕಿತ್ಸೆಯ ದೊಡ್ಡ ಭಾಗ.

ಅವರಿಗೆ ಮೂರು ಸಲ ಶಸ್ತ್ರಚಿಕಿತ್ಸೆ ಆಯಿತು. ಕೊನೆಯದರ ನಂತರ ಹವಾನಾದಲ್ಲಿ ಸುಮಾರು ಒಂದು ವರ್ಷ ಮಲಗಿಯೇ ಇದ್ದರು. ಗಟ್ಟಿ ಅಗಿಯಬಾರದು, ನಗಬಾರದು, ಅಳಬಾರದು. ಚಿಕ್ಕ ಮಗಳ ಜೊತೆ ಆಡುವ ಹಾಗೂ ಇಲ್ಲ.

ಸುಮ್ನೆ ಓದುಗ
ಡಾಕ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಒಂದು ವರ್ಷ ಮಲಗಿದವರ ಕಾಲಲ್ಲಿ ಶಕ್ತಿ ಎಲ್ಲಿರುತ್ತೆ? ನಡೆಯೋದೇ ಮತ್ತೆ ಕಲಿಯಬೇಕು ಅಲ್ವಾ?

ಲಂಡನ್ ಕನ್ನಡತಿ
ಆ ಒಂದು ವರ್ಷವೇ ಅವರ ಜೀವನದ ಅತಿ ದೊಡ್ಡ ಪಾಠಶಾಲೆ ಅಂತ ನನಗೆ ಅನ್ನಿಸುತ್ತದೆ. ಗಂಡ ಫರ್ನಾಂಡೊ ಅಲೊನ್ಸೊ ಸ್ವತಃ ಬ್ಯಾಲೆ ನೃತ್ಯಗಾರ. ಅವರು ದಿನಾ ಪಕ್ಕದಲ್ಲಿ ಕೂತು ಪಾತ್ರಗಳನ್ನು ಕಲಿಸುತ್ತಿದ್ದರು. ಅಲಿಸಿಯಾ ಮಲಗಿದಲ್ಲೇ ಬೆರಳುಗಳನ್ನೇ ಕಾಲು ಮಾಡಿಕೊಂಡು ಹೆಜ್ಜೆ ಹಾಕುತ್ತಿದ್ದರು. ಇಡೀ ಜಿಸೆಲ್ ಹೀಗೆ ತಲೆಯಲ್ಲಿ ಕೂತಿತು.

ಆಮೇಲೆ 1943ರ ನವೆಂಬರ್ 2. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ಬ್ಯಾಲೆ ಥಿಯೇಟರ್ ಕಂಪನಿಯ ಜಿಸೆಲ್. ನಾಯಕಿ ಅಲಿಸಿಯಾ ಮಾರ್ಕೋವಾಗೆ ಹುಷಾರಿಲ್ಲ. ಆ ಪಾತ್ರ ಅಂದರೆ ಮಾರ್ಕೋವಾ ಅನ್ನುವ ಕಾಲ ಅದು. ಆ ಜಾಗಕ್ಕೆ ಈ ಕ್ಯೂಬಾದ ಹುಡುಗಿ ಹತ್ತಿದಳು. ಆವತ್ತಿನಿಂದ ಜಿಸೆಲ್ ಅವಳದೂ ಆಯಿತು.

ಜಿಸೆಲ್ ಗೊತ್ತಿಲ್ಲದವರಿಗೆ: ಹಳ್ಳಿಯ ಹುಡುಗಿ, ವೇಷ ಮರೆಸಿಕೊಂಡು ಬಂದ ಶ್ರೀಮಂತನನ್ನು ಪ್ರೀತಿಸುತ್ತಾಳೆ. ಮೋಸ ಗೊತ್ತಾದಾಗ ಬುದ್ಧಿ ಕೆಟ್ಟು ಸಾಯುತ್ತಾಳೆ. ಎರಡನೇ ಅಂಕದಲ್ಲಿ ಅವಳು ಪ್ರೇತ. ಮೋಸ ಹೋಗಿ ಸತ್ತ ಹುಡುಗಿಯರ ಪ್ರೇತಗಳೆಲ್ಲ ಸೇರಿ ಅವನನ್ನು ಕುಣಿಸಿ ಕುಣಿಸಿ ಕೊಲ್ಲಲು ಬಂದರೆ, ಇವಳು ಬೆಳಗಾಗುವವರೆಗೂ ಅವನನ್ನು ಕಾಯುತ್ತಾಳೆ. ಮೊದಲ ಅಂಕದಲ್ಲಿ ಮಣ್ಣಿನ ಹುಡುಗಿ, ಎರಡನೆಯದರಲ್ಲಿ ತೂಕವೇ ಇಲ್ಲದ ಪ್ರೇತ. ಎರಡನ್ನೂ ಒಬ್ಬಳೇ ಮಾಡಬೇಕು. ಅದಕ್ಕೇ ಅದು ಅಷ್ಟು ಕಷ್ಟದ ಪಾತ್ರ.

ಬೆನ್ಸನ್ ಟೌನ್ ಹಳಬ
ಅಲಿಸಿಯಾ ಅಂದ್ರೆ ನಮ್ಮ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಜೊತೆ ರಾಧಾ ಕೃಷ್ಣ ನೃತ್ಯ ಮಾಡಿದವರು ಅಲ್ವಾ? ನಮ್ಮ ತಂದೆ ರಾಮ್ ಗೋಪಾಲ್ ಬಗ್ಗೆ ತುಂಬಾ ಹೇಳುತ್ತಿದ್ದರು. ಬೆನ್ಸನ್ ಟೌನಿನ ಮನೆಯಲ್ಲೇ ನೃತ್ಯ ಶಾಲೆ ಇಟ್ಟಿದ್ದರು.

ಲಂಡನ್ ಕನ್ನಡತಿ
ಅದು ಇನ್ನೊಬ್ಬ ಅಲಿಸಿಯಾ ಸರ್, ಮೇಲೆ ಬರೆದ ಮಾರ್ಕೋವಾ. ಆಕೆ ಲಂಡನ್ನಿನವರು. 1960ರಲ್ಲಿ ರಾಮ್ ಗೋಪಾಲ್ ಮತ್ತು ಮಾರ್ಕೋವಾ ಸೇರಿ ರಾಧಾ ಕೃಷ್ಣ ಮಾಡಿದರು. ಅಂದರೆ ಯಾರಿಗೆ ಹುಷಾರಿಲ್ಲದೆ ನಮ್ಮ ಅಲೊನ್ಸೊಗೆ ಅವಕಾಶ ಸಿಕ್ಕಿತೋ, ಅದೇ ಮಾರ್ಕೋವಾ ಮುಂದೆ ಬೆಂಗಳೂರಿನ ಹುಡುಗನಿಗೆ ರಾಧೆಯಾದರು. ನೀವು ನೆನಪಿಸಿದ್ದು ಒಳ್ಳೆಯದೇ ಆಯಿತು.

ಬೆನ್ಸನ್ ಟೌನ್ ಹಳಬ
ಓಹೋ. ಚೆನ್ನಾಗಿದೆ. ರಾಮ್ ಗೋಪಾಲ್ ಬಗ್ಗೆ ಬೇರೆ ಚರ್ಚೆ ಶುರು ಮಾಡಬೇಕು. ಬೆಂಗಳೂರಿನ ಜನ ಅವರನ್ನು ಪೂರ್ತಿ ಮರೆತಿದ್ದಾರೆ.

ಹಾಸನದ ಹುಡುಗಿ
ಕಣ್ಣಿನ ಕಥೆ ಎಲ್ಲರೂ ಹೇಳ್ತಾರೆ. ಮೂಲ ಪ್ರಶ್ನೆಗೆ ಬನ್ನಿ. ಎಪ್ಪತ್ತು ವರ್ಷ ಒಂದೇ ಕುರ್ಚಿ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಸರ್ವಾಧಿಕಾರ ಅಂತಿದ್ದೆವು. ಕಲಾವಿದೆ ಅಂತ ವಿನಾಯ್ತಿ ಯಾಕೆ?

ಮಲ್ಲೇಶ್ವರಂ ರಾಯರು
ಅಮ್ಮಾ, ಕುರ್ಚಿ ಅನ್ನುವ ಮೊದಲು ಆ ಕುರ್ಚಿ ಎಲ್ಲಿಂದ ಬಂತು ನೋಡಿ. ಯಾರೂ ಕೊಟ್ಟದ್ದಲ್ಲ. 1948ರಲ್ಲಿ ನ್ಯೂಯಾರ್ಕಿನ ಬ್ಯಾಲೆ ಥಿಯೇಟರ್ ದುಡ್ಡಿಲ್ಲದೆ ಪ್ರದರ್ಶನ ನಿಲ್ಲಿಸಿತ್ತು. ಒಳ್ಳೊಳ್ಳೆ ನೃತ್ಯಗಾರರು ಕೆಲಸ ಇಲ್ಲದೆ ಕೂತಿದ್ದರು. ಅಲಿಸಿಯಾ, ಫರ್ನಾಂಡೊ, ಫರ್ನಾಂಡೊ ತಮ್ಮ ಆಲ್ಬರ್ಟೊ ಮೂವರೂ ಸೇರಿ ಅವರಲ್ಲಿ ಹಲವರನ್ನು ಹವಾನಾಗೆ ಕರೆದುಕೊಂಡು ಬಂದರು. ಅಕ್ಟೋಬರ್ 28ಕ್ಕೆ ಮೊದಲ ಪ್ರದರ್ಶನ. ಆ ಮೊದಲ ತಂಡದಲ್ಲಿ ಕ್ಯೂಬಾದವರು ಅರ್ಧಕ್ಕಿಂತ ಕಡಿಮೆ! ಊರಲ್ಲಿ ಕಲಿತ ಜನ ಇಲ್ಲ ಅಂತ ಗೊತ್ತಾದ ಕೂಡಲೇ 1950ರಲ್ಲಿ ಶಾಲೆ ತೆರೆದರು. ಅಲಿಸಿಯಾ ಹೊರದೇಶದಲ್ಲಿ ಕುಣಿದು ದುಡಿದ ದುಡ್ಡನ್ನು ತಂದು ಇಲ್ಲಿ ಹಾಕುತ್ತಿದ್ದರು.

1956ರಲ್ಲಿ ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾನ ಸರ್ಕಾರ ಕಂಪನಿಗೆ ಕೊಡುತ್ತಿದ್ದ ಅನುದಾನ ನಿಲ್ಲಿಸಿತು. ಆಕೆಯೊಬ್ಬಳ ಬಾಯಿ ಮುಚ್ಚಿಸಲು ತಿಂಗಳಾ ತಿಂಗಳಾ ಹಣ ಕೊಡುತ್ತೇವೆ ಅಂದಿತು. ಅವರು ಒಪ್ಪಲಿಲ್ಲ. ಹವಾನಾ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಬಹಿರಂಗವಾಗಿ ಪ್ರತಿಭಟನೆಯ ಪ್ರದರ್ಶನ ಕೊಟ್ಟು, ಬಟಿಸ್ಟಾ ಇರುವವರೆಗೂ ಕ್ಯೂಬಾದಲ್ಲಿ ಕುಣಿಯುವುದಿಲ್ಲ ಅಂತ ಹೊರಟುಬಿಟ್ಟರು. ತಮಗೆ ಸಿಗುತ್ತಿದ್ದ ಹಣವನ್ನು ಒದ್ದು ಹೋದವರನ್ನು ಕುರ್ಚಿಗೆ ಅಂಟಿಕೊಂಡವರು ಅನ್ನಬೇಡಿ.

ಹಾಸನದ ಹುಡುಗಿ
ರಾಯರೇ, ಅದು 1956. ನಾನು ಕೇಳುತ್ತಿರೋದು 1986, 2006ರ ಬಗ್ಗೆ. ಚಿಕ್ಕ ವಯಸ್ಸಿನ ತ್ಯಾಗ ಮುಪ್ಪಿನ ಹಟಕ್ಕೆ ಲೈಸೆನ್ಸ್ ಆಗುತ್ತಾ?

ಕರಾವಳಿ ಮಾಣಿ
ಒಳ್ಳೆ ಪಾಯಿಂಟು ಮಾರಾಯ್ರೆ 👏

ಕುಂದಾಪುರ ಕಾಮ್ರೇಡ್
ಕ್ರಾಂತಿಯ ವಿಷಯ ಬಿಟ್ಟು ಅಲಿಸಿಯಾ ಬಗ್ಗೆ ಮಾತಾಡಿದರೆ ಅರ್ಧ ಮಾತೇ ಆಗುತ್ತದೆ. 1959ರ ಮೊದಲು ಬ್ಯಾಲೆ ಅಲ್ಲಿ ಶ್ರೀಮಂತರ ಮನೆ ಹುಡುಗಿಯರ ಹವ್ಯಾಸ. ಅಲಿಸಿಯಾ ಕೂಡ ಕಲಿತದ್ದು ಅಂಥದೇ ಒಂದು ಸಂಗೀತ ಸಂಘದಲ್ಲಿ, ಯಾವೊರ್ಸ್ಕಿ ಅನ್ನುವ ರಷ್ಯದ ಗುರುವಿನ ಹತ್ತಿರ. ಬಟಿಸ್ಟಾನನ್ನು ಇಳಿಸಿದ ಕ್ರಾಂತಿಯ ನಂತರ ಅದರ ನಾಯಕ ಕ್ಯಾಸ್ಟ್ರೊ ಒಂದು ರಾತ್ರಿ ಮನೆಗೆ ಬಂದು ಎಷ್ಟು ಹಣ ಬೇಕು ಅಂತ ಕೇಳಿದರಂತೆ. ಒಂದು ಲಕ್ಷ ಡಾಲರ್ ಅಂದರೆ ಎರಡು ಲಕ್ಷ ಕೊಟ್ಟರು ಅಂತ ಫರ್ನಾಂಡೊ ಹೇಳಿಕೊಂಡಿದ್ದಾರೆ. 1960ರಲ್ಲಿ ಕಾನೂನೇ ಮಾಡಿ ರಾಷ್ಟ್ರೀಯ ಬ್ಯಾಲೆಗೆ ಸರ್ಕಾರದ ಬೆಂಬಲ ಗಟ್ಟಿ ಮಾಡಿದರು. ಕಾರ್ಖಾನೆಗಳಲ್ಲಿ, ಹಳ್ಳಿಗಳಲ್ಲಿ, ಸೈನಿಕರ ಮುಂದೆ ಪ್ರದರ್ಶನ. ಶಾಲೆ ಉಚಿತ. ಬರೀ ಒಂದು ಕೋಟಿ ಆಸುಪಾಸು ಜನ ಇರುವ ದೇಶ. ಅಲ್ಲಿ ಟ್ಯಾಕ್ಸಿ ಓಡಿಸುವವನೂ ಯಾವ ನರ್ತಕಿ ಚೆನ್ನಾಗಿ ಸುತ್ತುತ್ತಾಳೆ ಅಂತ ವಾದ ಮಾಡುತ್ತಾನೆ. ನಮ್ಮ ಆರು ಕೋಟಿ ಕನ್ನಡಿಗರಲ್ಲಿ ಎಷ್ಟು ಜನ ದುಡ್ಡು ಕೊಟ್ಟು ನೃತ್ಯ ನೋಡುತ್ತಾರೆ?

ತುಮಕೂರು ಟೆಕ್ಕಿ
ಕಾಮ್ರೇಡ್, ಅಷ್ಟೊಂದು ಚೆನ್ನಾಗಿದ್ದರೆ ಜನ ಓಡಿ ಹೋಗಿದ್ದು ಯಾಕೆ? 1966ರಲ್ಲಿ ಪ್ಯಾರಿಸ್ ಪ್ರವಾಸಕ್ಕೆ ಹೋದಾಗ ಹತ್ತು ಜನ ಗಂಡು ನೃತ್ಯಗಾರರು ಒಂದೇ ಸಲಕ್ಕೆ ಕಂಪನಿ ಬಿಟ್ಟರು. ಆಮೇಲೂ ಎಷ್ಟೋ ಜನ ಅಮೆರಿಕ ಪ್ರವಾಸಕ್ಕೆ ಹೋದವರು ವಾಪಸ್ ಬರಲಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು.

ಕುಂದಾಪುರ ಕಾಮ್ರೇಡ್
ಹೇಳಲಿ, ಯಾರು ಬೇಡ ಅಂದರು? ಜೊತೆಗೆ ಅಮೆರಿಕ ಅಲಿಸಿಯಾಗೆ 1975ರವರೆಗೆ ಬಾಗಿಲು ಮುಚ್ಚಿತ್ತು ಅನ್ನುವುದನ್ನೂ ಹೇಳಲಿ. ಅವರನ್ನು ತಾರೆ ಮಾಡಿದ್ದೇ ನ್ಯೂಯಾರ್ಕ್. 1947ರಲ್ಲಿ ಅಲ್ಲಿನ ಹೆಸರಾಂತ ನೃತ್ಯ ಸಂಯೋಜಕ ಬಾಲಂಚಿನ್ ಅವರಿಗಾಗಿಯೇ ಒಂದು ಬ್ಯಾಲೆ ಮಾಡಿದರು. ಆ ಊರಿಗೇ ಹದಿನೈದು ವರ್ಷ ಕಾಲಿಡುವಂತಿರಲಿಲ್ಲ.

ತುಮಕೂರು ಟೆಕ್ಕಿ
ಎರಡೂ ಸರ್ಕಾರ ತಪ್ಪು ಮಾಡಿದವು ಅಂದರೆ ನೃತ್ಯಗಾರರ ಸಂಬಳ ಜಾಸ್ತಿ ಆಗಲ್ಲ ಗುರುಗಳೇ. ಹೋದವರಲ್ಲಿ ಹೆಚ್ಚಿನವರು ರಾಜಕೀಯಕ್ಕಿಂತ ಹೆಚ್ಚು ಕೇಳಿದ್ದು ಹೊಸ ಪಾತ್ರ, ಹೊಸ ಸಂಯೋಜಕರು, ಒಳ್ಳೆ ಸಂಬಳ. ಹವಾನಾದಲ್ಲಿ ಅದೇ ಜಿಸೆಲ್, ಅದೇ ಹಂಸ ಸರೋವರ.

ನಿರ್ವಾಹಕ
ಕ್ಯೂಬಾ ಸರಿಯೋ ಅಮೆರಿಕ ಸರಿಯೋ ಅನ್ನೋದಕ್ಕೆ ಬೇರೆ ಜಾಗ ಇದೆ. ಇಲ್ಲಿ ನೃತ್ಯಕ್ಕೆ ಅಂಟಿಕೊಳ್ಳಿ.

ಮೈಸೂರು ರಂಗಪ್ರೇಮಿ
ನಾನು ನಾಟಕದವನು. ಬ್ಯಾಲೆ ಬಗ್ಗೆ ಹೆಚ್ಚು ಓದಿಲ್ಲ, ಆದರೆ ಸಂಸ್ಥೆ ಕಟ್ಟುವ ಕಷ್ಟ ಹತ್ತಿರದಿಂದ ನೋಡಿದ್ದೇನೆ. ಸರ್ಕಾರದ ದುಡ್ಡಲ್ಲಿ ನಡೆಯುವ ಕಲಾ ಸಂಸ್ಥೆಗೆ ಎರಡು ಅಪಾಯ. ಒಂದು, ಕಟ್ಟಿದವರು ಬಿಡದೇ ಇರುವುದು. ಇನ್ನೊಂದು, ಕೆಲವು ವರ್ಷಕ್ಕೊಮ್ಮೆ ನಿರ್ದೇಶಕರು ಬದಲಾಗಿ ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ನಿಲ್ಲಿಸುವುದು. ನಮ್ಮಲ್ಲಿ 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದರು. ಪೂರ್ಣಾವಧಿ ಸಂಬಳದ ಕಲಾವಿದರು, ದಿನವಿಡೀ ತಾಲೀಮು. ಆಗ ಅದು ಇಲ್ಲಿ ಕನಸಿನಂಥ ಮಾತು. ಕಾರಂತರು ಕೆಲವೇ ವರ್ಷ ಇದ್ದು ಹೊರಟರು. ಅವರು ಇನ್ನೂ ಇಪ್ಪತ್ತು ವರ್ಷ ಇದ್ದಿದ್ದರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅದಕ್ಕೇ ಅಲಿಸಿಯಾ ಉಳಿದುಕೊಂಡದ್ದನ್ನು ನಾನು ಅಷ್ಟು ಸುಲಭವಾಗಿ ತಪ್ಪು ಅನ್ನಲಾರೆ. ಒಂದು ಶೈಲಿ ಗಟ್ಟಿಯಾಗಲು ಒಂದು ತಲೆಮಾರು ಸಾಲದು.

ಹಾಸನದ ಹುಡುಗಿ
ಸರ್, ಇಪ್ಪತ್ತು ವರ್ಷಕ್ಕೆ ನಾನೂ ಒಪ್ಪುತ್ತೇನೆ. ಎಪ್ಪತ್ತಕ್ಕೆ ಒಪ್ಪಲ್ಲ.

ಲಂಡನ್ ಕನ್ನಡತಿ
ಶೈಲಿ ಅಂದಿದ್ದಕ್ಕೆ ಸೇರಿಸುತ್ತೇನೆ. ಕ್ಯೂಬಾದ ಬ್ಯಾಲೆ ನೋಡಿದರೆ ಗುರುತು ಹಿಡಿಯಬಹುದು. ಅವರ ಸುತ್ತು, ಅವರು ಒಂದೇ ಕಾಲ ಮೇಲೆ ನಿಂತುಬಿಡುವ ರೀತಿ, ಗಂಡು ಹೆಣ್ಣು ಕುಣಿಯುವಾಗ ಒಬ್ಬರನ್ನೊಬ್ಬರು ನಿಜವಾಗಿ ನೋಡುವುದು. ರಷ್ಯ, ಇಟಲಿ, ಇಂಗ್ಲೆಂಡ್, ಅಮೆರಿಕ ಎಲ್ಲ ಕಡೆಯಿಂದ ಕಲಿತದ್ದನ್ನು ತಮ್ಮ ಜನರ ಮೈಕಟ್ಟಿಗೆ ಹೊಂದಿಸಿಕೊಂಡರು. ಮತ್ತೆ ಇದರಲ್ಲಿ ಫರ್ನಾಂಡೊ ಪಾಲು ದೊಡ್ಡದು. ಎಲ್ಲರೂ ಅಲಿಸಿಯಾ ಹೆಸರು ಹೇಳಿ ಅವರನ್ನು ಬಿಡುತ್ತಾರೆ, ನನಗೆ ಬೇಜಾರಾಗುತ್ತದೆ. ಪಾಠದ ಕ್ರಮ ರೂಪಿಸಿದ್ದು ಅವರು. ಗಂಡು ಮಕ್ಕಳನ್ನು ಬ್ಯಾಲೆಗೆ ಕಳಿಸಲು ಅಪ್ಪ ಅಮ್ಮ ಒಪ್ಪದಿದ್ದಾಗ ಅನಾಥಾಲಯಕ್ಕೆ ಹೋಗಿ ಹುಡುಗರನ್ನು ಆರಿಸಿ ತಂದವರು. ಹಾಗೆ ಬಂದ ಹೋರ್ಹೆ ಎಸ್ಕಿವೆಲ್ ದೊಡ್ಡವನಾಗಿ ಅಲಿಸಿಯಾಗೇ ಜೋಡಿಯಾದ.

ಗೆಜ್ಜೆ ಶಿವಮೊಗ್ಗ
ಅಯ್ಯೋ, ಈ ಗಂಡು ಮಕ್ಕಳ ವಿಷಯ ಓದಿ ಮನಸ್ಸಿಗೆ ನಾಟಿತು. ನನ್ನ ಹತ್ತಿರ ಒಬ್ಬ ಹುಡುಗ ಚೆನ್ನಾಗಿ ಕಲಿಯುತ್ತಿದ್ದ. ಹೈಸ್ಕೂಲಿಗೆ ಬಂದ ಮೇಲೆ ಮನೆಯವರು ಬಿಡಿಸಿದರು. ಶಾಲೆಯಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರಂತೆ.

ಯಕ್ಷ ಉಡುಪಿ
ಅಕ್ಕ, ನಮ್ಮ ಕಡೆ ಇದು ತಿರುಗುಮುರುಗು. ಯಕ್ಷಗಾನದಲ್ಲಿ ಗಂಡಸರೇ ಸೀರೆ ಉಟ್ಟು ಸ್ತ್ರೀವೇಷ ಮಾಡಿದರೂ ಊರೆಲ್ಲ ಗೌರವ ಕೊಡುತ್ತದೆ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದಾಗಲೇ ಮೊದಮೊದಲು ಮಾತು ಬಂದದ್ದು. ಯಾರು ಕುಣಿಯಬಹುದು ಅನ್ನೋದು ಆಯಾ ಊರಿನ ಅಭ್ಯಾಸ ಅಷ್ಟೇ. ಬ್ಯಾಲೆ ಅಂದಾಗ ಶಿವರಾಮ ಕಾರಂತರೂ ನೆನಪಾಗುತ್ತಾರೆ. ಅವರು ಯಕ್ಷಗಾನ ಬ್ಯಾಲೆ ಅಂತ ಮಾತು ತೆಗೆದು ಬರೀ ಕುಣಿತ, ಹಾಡಿನಲ್ಲಿ ಪ್ರಸಂಗ ಆಡಿಸಿದಾಗ ಹಳಬರು ಬೈದದ್ದಕ್ಕೆ ಲೆಕ್ಕವಿಲ್ಲ.

ಕರಾವಳಿ ಮಾಣಿ
ಕಾರಂತರ ಆ ಪ್ರಯೋಗದ ಬಗ್ಗೆ ನಮ್ಮ ಅಜ್ಜನಿಗೆ ಕೊನೆವರೆಗೂ ಸಿಟ್ಟು. ಮಾತಿಲ್ಲದ ಯಕ್ಷಗಾನ ಎಂಥದು ಅಂತ.

ಚಾಮರಾಜಪೇಟೆ ಸುಮಾ
ಬೆಂಗಳೂರಿನ ನಮಗೆ ಬ್ಯಾಲೆ ಅಂದರೆ ಪ್ರಭಾತ್ ಕಲಾವಿದರ ಸಿಂಡ್ರೆಲ್ಲಾ. ಶಾಲೆಯಲ್ಲಿದ್ದಾಗ ನೋಡಿದ್ದು. ಆ ಲೈಟಿಂಗ್, ಆ ರಥ! ಎಷ್ಟು ಜನ ನೋಡಿದ್ದೀರಿ?

ಬೆನ್ಸನ್ ಟೌನ್ ಹಳಬ
ನಾವೂ ನೋಡಿದ್ದೀವಿ. ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ.

ಮಲ್ಲೇಶ್ವರಂ ರಾಯರು
ನಮ್ಮ ಮಲ್ಲೇಶ್ವರದವರೇ ಆದ ಮಾಯಾ ರಾವ್ ಅವರನ್ನು ಯಾರೂ ಹೆಸರಿಸಲಿಲ್ಲವಲ್ಲ? ಕಥಕ್ ಕಲಿತವರು. 1960ರ ದಶಕದ ಶುರುವಿನಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನೇ ಒಂದು ವಿದ್ಯೆಯಾಗಿ ಓದಿ ಬಂದರು. 1964ರಲ್ಲಿ ದೆಹಲಿಯಲ್ಲಿ ಕಥಕ್ ಮತ್ತು ಸಂಯೋಜನೆಯ ಸಂಸ್ಥೆ ಶುರು ಮಾಡಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಗುರು ಹೇಳಿದ್ದನ್ನು ಒಪ್ಪಿಸುವುದು ಬೇರೆ, ವೇದಿಕೆ ಮೇಲೆ ಇಪ್ಪತ್ತು ಜನರನ್ನು ಹೇಗೆ ನಿಲ್ಲಿಸಬೇಕು, ಯಾವಾಗ ಚದುರಿಸಬೇಕು ಅಂತ ಯೋಚಿಸುವುದು ಬೇರೆ. ಅದನ್ನು ಪಾಠ ಮಾಡಿ ಕಲಿಸಬಹುದು ಅಂತ ಇಲ್ಲಿ ತೋರಿಸಿದವರು ಅವರು. ಗೆಜ್ಜೆ ಮೇಡಂ, ಮುಂದಿನ ಸಲ ಮಕ್ಕಳಿಗೆ ಅವರ ಬಗ್ಗೆ ಹೇಳಿ.

ಗೆಜ್ಜೆ ಶಿವಮೊಗ್ಗ
ಖಂಡಿತ ಹೇಳುತ್ತೇನೆ ರಾಯರೇ. ಅವರ ಶಿಷ್ಯರೊಬ್ಬರ ಕಮ್ಮಟದಲ್ಲಿ ನಾನೂ ಕೂತಿದ್ದೇನೆ.

ಸುಮ್ನೆ ಓದುಗ
ಆ ಹುಡುಗಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬೇರೆಯವರಿಗೆ ಪಾತ್ರ ಸಿಕ್ಕಿತಾ ಇಲ್ವಾ?

ಲಂಡನ್ ಕನ್ನಡತಿ
ಸಿಕ್ಕಿತು. ಲೊಯಿಪಾ ಅರಾವ್ಹೊ, ಔರೋರಾ ಬೋಶ್, ಹೊಸೆಫಿನಾ ಮೆಂಡೆಸ್, ಮಿರ್ತಾ ಪ್ಲಾ ಅಂತ ನಾಲ್ವರು. 1964ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ಬ್ಯಾಲೆ ಸ್ಪರ್ಧೆ ಶುರುವಾದಾಗಿನಿಂದ ಇವರು ಪದಕ ತರತೊಡಗಿದರು. ಇಂಗ್ಲೆಂಡಿನ ವಿಮರ್ಶಕ ಆರ್ನಾಲ್ಡ್ ಹ್ಯಾಸ್ಕೆಲ್ ಇವರನ್ನು ಕ್ಯೂಬಾದ ನಾಲ್ಕು ರತ್ನಗಳು ಅಂತ ಕರೆದರು. ಕಂಪನಿ ಶುರುವಾಗಿ ಹದಿನಾರೇ ವರ್ಷಕ್ಕೆ ಜಗತ್ತಿನ ಎದುರು ನಿಲ್ಲುವ ನಾಲ್ವರು! ಒಬ್ಬರೇ ಎಲ್ಲವನ್ನೂ ನುಂಗಿದ್ದರೆ ಇದು ಆಗುತ್ತಿತ್ತಾ?

ಮೈಮರೆತು ನೋಡಿದ್ದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಕಾರ್ಲೋಸ್ ಅಕೋಸ್ಟಾ ಕುಣಿಯುವುದನ್ನು ನೋಡಿದ್ದೇನೆ. ಹವಾನಾದ ಬಡ ಬಡಾವಣೆಯ ಲಾರಿ ಡ್ರೈವರ್ ಮಗ. ಬೀದಿ ಸುತ್ತುತ್ತಾನೆ ಅಂತ ಅಪ್ಪ ಬ್ಯಾಲೆ ಶಾಲೆಗೆ ಹಾಕಿದ, ಶಾಲೆ ಉಚಿತ, ಊಟವೂ ಸಿಗುತ್ತದೆ. 1990ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಬ್ಯಾಲೆ ಸ್ಪರ್ಧೆಯಲ್ಲಿ ಚಿನ್ನ. ಆಮೇಲೆ ಇಲ್ಲಿನ ರಾಯಲ್ ಬ್ಯಾಲೆಯ ತಾರೆ, ಈಗ ಬರ್ಮಿಂಗ್‌ಹ್ಯಾಮ್ ಕಂಪನಿಯ ನಿರ್ದೇಶಕ. ಅವನು ಹಾರಿದಾಗ ಇಡೀ ಸಭಾಂಗಣ ಉಸಿರು ಹಿಡಿದಿತ್ತು. ಅಲೊನ್ಸೊ ಕುಟುಂಬ ಕಟ್ಟಿದ ಶಾಲೆ ಇಲ್ಲದಿದ್ದರೆ ಆ ಹುಡುಗ ಎಲ್ಲಿರುತ್ತಿದ್ದ?

ಹಾಸನದ ಹುಡುಗಿ
ಅಕ್ಕ, ಅಕೋಸ್ಟಾ ಉದಾಹರಣೆ ನನ್ನ ವಾದಕ್ಕೇ ಸೇರುತ್ತದೆ. ಅವನು ಬೆಳೆದದ್ದು ಅಲ್ಲಿ, ಅರಳಿದ್ದು ಹೊರಗೆ. ಇನ್ನೊಂದು ಮಾತು. ಕ್ಯೂಬಾದಲ್ಲಿ ಕಪ್ಪು ಜನ, ಮಿಶ್ರ ಜನ ಎಷ್ಟು ಇದ್ದಾರೆ ನೋಡಿ. ಆದರೆ ಕಂಪನಿಯ ಮುಖ್ಯ ನರ್ತಕಿಯರಲ್ಲಿ ಕಪ್ಪು ಹೆಣ್ಣುಮಕ್ಕಳು ಎಷ್ಟು? ಬಹಳ ಕಡಿಮೆ. ಈ ದೂರು ಹಳೆಯದು, ಅಲ್ಲಿನವರೇ ಹೇಳಿದ್ದು. ಶಾಲೆ ಎಲ್ಲರಿಗೂ ತೆರೆದಿತ್ತು ನಿಜ. ಹಂಸ ಸರೋವರದ ರಾಣಿ ಹೇಗಿರಬೇಕು ಅನ್ನುವ ಕಲ್ಪನೆ ಮಾತ್ರ ಬದಲಾಗಲಿಲ್ಲ. ಒಬ್ಬರ ಕಣ್ಣಿನ ರುಚಿಯೇ ಎಪ್ಪತ್ತು ವರ್ಷ ನಡೆದರೆ ಹೀಗೇ ಆಗೋದು.

ಲಂಡನ್ ಕನ್ನಡತಿ
ಕಪ್ಪು ನರ್ತಕಿಯರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದರಲ್ಲಿ ನಾನು ವಾದ ಮಾಡಲ್ಲ. ಆದರೆ ಅದು ಕ್ಯೂಬಾ ಒಂದರ ರೋಗ ಅಲ್ಲ, ಲಂಡನ್ನಿನಲ್ಲೂ ಇತ್ತು.

ತುಮಕೂರು ಟೆಕ್ಕಿ
ಬೇರೆ ಕಡೆಯೂ ಇತ್ತು ಅಂದರೆ ಸರಿಯಾಗುತ್ತಾ?

ಮೈಸೂರು ರಂಗಪ್ರೇಮಿ
ಕ್ರಾಂತಿ ಆದ ದೇಶದಿಂದ ಹೆಚ್ಚು ನಿರೀಕ್ಷೆ ಮಾಡುವುದು ಸಹಜ. ಆ ದೃಷ್ಟಿಯಲ್ಲಿ ಹಾಸನದವರ ಮಾತಿಗೆ ತೂಕ ಇದೆ.

ಧಾರವಾಡದ ಕಣ್ಣಿನ ಡಾಕ್ಟರ್
ಮೇಡಂ ಕೇಳಿದ ಇನ್ನೊಂದು ಪ್ರಶ್ನೆ ಬಾಕಿ ಇದೆ, ವೇದಿಕೆ ಮೇಲೆ ಹೇಗೆ ಸಂಭಾಳಿಸುತ್ತಿದ್ದರು ಅಂತ. ಪಕ್ಕದ ನೋಟ ಇಲ್ಲದವರಿಗೆ ಬಲವಾದ ಬೆಳಕು ಕಾಣುತ್ತದೆ. ಅದಕ್ಕೆ ವೇದಿಕೆಯ ಮುಂದೆ ಬೇರೆ ಬೇರೆ ಬಣ್ಣದ ಜೋರು ದೀಪ ಇಡುತ್ತಿದ್ದರು. ಯಾವ ಬಣ್ಣ ಎಲ್ಲಿ ಇದೆ ಅನ್ನುವುದರ ಮೇಲೆ ಅಂಚು ಎಲ್ಲಿ, ನಡು ಎಲ್ಲಿ ಅಂತ ಲೆಕ್ಕ. ಜೋಡಿ ನರ್ತಕ ಹೇಳಿದ ಜಾಗದಲ್ಲೇ ನಿಂತಿರಬೇಕು, ಒಂದಡಿ ಆಚೀಚೆ ಆಗುವಂತಿಲ್ಲ. ಸಣ್ಣ ದನಿಯಲ್ಲಿ ದಿಕ್ಕು ಹೇಳುತ್ತಿದ್ದರು.

ವೈದ್ಯನಾಗಿ ನನಗೆ ಆಶ್ಚರ್ಯ ಆಗೋದು ಸಮತೋಲನದ ವಿಷಯ. ನಾವು ನೆಟ್ಟಗೆ ನಿಲ್ಲಲು ಕಣ್ಣು, ಒಳಕಿವಿ, ಕೀಲುಗಳಿಂದ ಬರುವ ಸಂದೇಶ, ಮೂರೂ ಬೇಕು. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ಸುತ್ತುವಾಗ ನೃತ್ಯಗಾರರು ಎದುರಿನ ಒಂದು ಬಿಂದುವನ್ನು ನೋಡಿ ತಲೆ ಬೇಗ ತಿರುಗಿಸುತ್ತಾರೆ, ತಲೆಸುತ್ತು ಬರದಿರಲಿ ಅಂತ. ಆಕೆಗೆ ಆ ಬಿಂದುವೇ ಮಸುಕು. ಉಳಿದೆರಡನ್ನು ಎಷ್ಟು ತಾಲೀಮು ಮಾಡಿ ಚುರುಕು ಮಾಡಿಕೊಂಡಿರಬೇಕು! ಕ್ಯೂಬಾ ಶೈಲಿಯಲ್ಲಿ ಒಂಟಿ ಕಾಲಿನ ನಿಲುವಿಗೆ ಅಷ್ಟು ಮಹತ್ವ ಬಂದದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ನನ್ನ ಊಹೆ.

ಸುಮ್ನೆ ಓದುಗ
ಕಣ್ಣು ಮುಚ್ಚಿ ನಿಂತು ನೋಡಿದೆ ಡಾಕ್ಟ್ರೇ. ಹತ್ತು ಎಣಿಸೋದರೊಳಗೆ ಮೇಜು ಹಿಡ್ಕೊಂಡೆ.

ಚಾಮರಾಜಪೇಟೆ ಸುಮಾ
ಗಂಡ ಹೆಂಡತಿ ಕೊನೆವರೆಗೂ ಜೊತೆಗಿದ್ದರಾ?

ಲಂಡನ್ ಕನ್ನಡತಿ
ಇಲ್ಲ. 1970ರ ದಶಕದ ನಡುವಿನಲ್ಲಿ ಬೇರೆಯಾದರು. ಫರ್ನಾಂಡೊ ಹವಾನಾ ಬಿಟ್ಟು ಕಮಗ್ವೆ ಅನ್ನುವ ಊರಿನ ಬ್ಯಾಲೆ ಕಂಪನಿ ನೋಡಿಕೊಂಡರು, ಅದನ್ನೂ ಮೇಲೆತ್ತಿದರು. 2013ರಲ್ಲಿ ತೀರಿಕೊಂಡರು. ಅವರ ತಮ್ಮ ಆಲ್ಬರ್ಟೊ 1967ರಲ್ಲಿ ಮಾಸ್ಕೋದಲ್ಲಿ ರಷ್ಯದ ತಾರೆ ಮಾಯಾ ಪ್ಲಿಸೆತ್‌ಸ್ಕಾಯಾಗೆ ಕಾರ್ಮೆನ್ ಅನ್ನುವ ಬ್ಯಾಲೆ ಮಾಡಿಸಿ ಸೋವಿಯತ್ ಅಧಿಕಾರಿಗಳ ಸಿಟ್ಟಿಗೆ ಗುರಿಯಾದವರು. ಅದೇ ಕಾರ್ಮೆನ್ ಅಲಿಸಿಯಾ ಹವಾನಾದಲ್ಲಿ ಕುಣಿದರು. ಜಿಸೆಲ್ ಬಿಟ್ಟರೆ ಅವರ ಹೆಸರು ಜಾಸ್ತಿ ಅಂಟಿಕೊಂಡಿದ್ದು ಇದಕ್ಕೇ.

ಮಲ್ಲೇಶ್ವರಂ ರಾಯರು
ಕೊನೆಗೆ ನಾನು ಹೇಳುವುದು ಇಷ್ಟೇ. ಸಂಯೋಜಕಿಯಾಗಿ ಆಕೆ ಹೊಸದಕ್ಕಿಂತ ಹಳೆಯದನ್ನು ಉಳಿಸಿಕೊಂಡವರು. ಅವರು ತಿದ್ದಿ ಕೂಡಿಸಿದ ಜಿಸೆಲನ್ನು 1972ರಲ್ಲಿ ಪ್ಯಾರಿಸ್ ಒಪೆರಾ ತೆಗೆದುಕೊಂಡಿತು. ಜಿಸೆಲ್ ಹುಟ್ಟಿದ್ದೇ ಪ್ಯಾರಿಸ್ ಒಪೆರಾದಲ್ಲಿ, 1841ರಲ್ಲಿ! ಹುಟ್ಟಿದ ಮನೆಯವರೇ ಹವಾನಾದಿಂದ ಕಲಿತರು. ಇದಕ್ಕಿಂತ ದೊಡ್ಡ ಮನ್ನಣೆ ಬೇಕಾ?

ಹಾಸನದ ಹುಡುಗಿ
ಆ ಮನ್ನಣೆ ಯಾರೂ ಕಸಿಯಲ್ಲ ರಾಯರೇ. ಆದರೆ ವಿಯೆಂಗ್ಸೇ ವಾಲ್ಡೆಸ್ ಅನ್ನುವ ನರ್ತಕಿಗೆ ಕಲಾ ಜವಾಬ್ದಾರಿ ಸಿಕ್ಕಿದ್ದು 2019ರಲ್ಲಿ, ಅಲಿಸಿಯಾಗೆ 98 ಆದಾಗ. ನಾಲ್ಕು ರತ್ನಗಳು ಅಂದಿರಲ್ಲ, ಅವರಲ್ಲಿ ಒಬ್ಬರಿಗಾದರೂ ಕಂಪನಿ ನಡೆಸುವ ಅವಕಾಶ ಬಂತಾ? ಕುಣಿಯಲು ಬಿಟ್ಟರು, ನಡೆಸಲು ಬಿಡಲಿಲ್ಲ. ಒಂದಿಡೀ ತಲೆಮಾರು ದಾಟಿಹೋಯಿತು. ನನ್ನ ತಕರಾರು ಇದೊಂದೇ.

ಮಲ್ಲೇಶ್ವರಂ ರಾಯರು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮಾ. ಮಾತು ಸರಿಯಾಗಿದೆ.

ಯಕ್ಷ ಉಡುಪಿ
ರಾಯರು ಒಪ್ಪಿದರು! 😀

ಗೆಜ್ಜೆ ಶಿವಮೊಗ್ಗ
ಎಲ್ಲರಿಗೂ ದೊಡ್ಡ ನಮಸ್ಕಾರ. ಈ ಭಾನುವಾರದ ಕ್ಲಾಸಿಗೆ ಎರಡು ತಂಡ ಮಾಡುತ್ತೇನೆ. ಒಂದು ತಂಡ ರಾಯರ ವಾದ ಹೇಳಲಿ, ಇನ್ನೊಂದು ಹಾಸನದವರ ವಾದ ಹೇಳಲಿ. ಡಾಕ್ಟರ್ ಹೇಳಿದ ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸವನ್ನೂ ಅರಮಂಡಿಯಲ್ಲಿ ಮಾಡಿಸಿ ನೋಡುತ್ತೇನೆ. ಮಕ್ಕಳಿಗೆ ತೋರಿಸಲು ಅವರು ಕುಣಿದದ್ದರ ಒಳ್ಳೆ ದಾಖಲೆ ಯಾವುದಿದೆ?

ಲಂಡನ್ ಕನ್ನಡತಿ
1960ರ ದಶಕದಲ್ಲಿ ಕ್ಯೂಬಾದಲ್ಲೇ ಚಿತ್ರೀಕರಿಸಿದ ಕಪ್ಪು ಬಿಳುಪು ಜಿಸೆಲ್ ಇದೆ. ಜೋಡಿ ಅಜಾರಿ ಪ್ಲಿಸೆತ್‌ಸ್ಕಿ, ಮಾಯಾ ಪ್ಲಿಸೆತ್‌ಸ್ಕಾಯಾ ತಮ್ಮ. ಆಗ ಅಲಿಸಿಯಾಗೆ ನಲವತ್ತು ದಾಟಿತ್ತು. ಹುಚ್ಚು ಹಿಡಿಯುವ ದೃಶ್ಯ ಮೊದಲು ತೋರಿಸಿ, ಮುಖದ ಅಭಿನಯ ನಿಮ್ಮ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಎರಡನೇ ಅಂಕ ಆಮೇಲೆ.

ಬೆನ್ಸನ್ ಟೌನ್ ಹಳಬ
ರಾಮ್ ಗೋಪಾಲ್ ಚರ್ಚೆ ಬೇರೆ ಶುರು ಮಾಡಿದ್ದೀನಿ. ಹಳೆ ಫೋಟೊ, ಹಳೆ ಪತ್ರಿಕೆ ತುಣುಕು ಇದ್ದವರು ಅಲ್ಲಿ ಹಾಕಿ.